ತೋಟದ ದಾರಿಗೂ ಮನೆಯ ಮಕ್ಕಳಿಗೂ ಒಗ್ಗುವ ವಾಹನ

ಚನ್ನಗಿರಿ ತಾಲ್ಲೂಕಿನ ಉಬ್ರಾಣಿಯ ಕಡೆ ಅಡಕೆ ತೋಟ ಮಾಡಿಕೊಂಡು, ತೋಟದಲ್ಲಿಯೇ ಮನೆ ಕಟ್ಟಿಕೊಂಡಿರುವ ನನ್ನ ಅಕ್ಕನ ಮಗನು ಕಳೆದ ಮಳೆಗಾಲದ ಒಂದು ಸಂಜೆ ಹೆಂಡತಿ ಮಕ್ಕಳೊಡನೆ ನಮ್ಮ ಮನೆಗೆ ಬಂದು, ಕೆಸರಾದ ಪ್ಯಾಂಟಿನ ಅಂಚನ್ನು ಮಡಿಸಿಕೊಳ್ಳುತ್ತ ಜಗಲಿಯ ಮೇಲೆ ಕುಳಿತವನು, "ಮಾವ, ಈ ಸಲ ಏನಾದರಾಗಲಿ, ಒಂದು ಫೋರ್ ವೀಲ್ ಗಾಡಿ ತಗೊಂಡೇ ಬಿಡ್ತೀನಿ, ತೋಟಕ್ಕೂ ಆಗಬೇಕು, ಮನೆಗೂ ಆಗಬೇಕು" ಎಂದನು. ಎಂಟು ತಿಂಗಳ ಗಂಡುಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದ ಅವನ ಹೆಂಡತಿ ತಲೆಯೆತ್ತದೆಯೇ, "ಸ್ಟಿಯರಿಂಗ್ ಹಿಡಿಯೋರು ಅವರು, ಮಾವ, ರಾತ್ರಿ ಹೊತ್ತು ಮಗುವಿಗೆ ಜ್ವರ ಬಂದರೆ ಹಿಂದೆ ಕೂತು ಹಿಡ್ಕೊಳ್ಳೋಳು ನಾನು. ಹಿಂದಿನ ಸೀಟು ಹೇಗಿದೆ ಅಂತ ಯಾರೂ ನೋಡೋದಿಲ್ಲ" ಎಂದಳು. ನಾಲ್ಕು ಚಕ್ರಗಳಿಗೂ ಎಂಜಿನಿನ ಶಕ್ತಿ ಹರಿಯುವ ಇಂತಹ ವಾಹನಗಳ ವಿಷಯವಾಗಿ ನಾನು ಓದಿದ, ಕೇಳಿದ, ಹತ್ತಾರು ವರ್ಷ ಓಡಿಸಿ ಕಂಡ ಸಂಗತಿಗಳೆಲ್ಲ ಆ ಹೆಣ್ಣುಮಗಳ ಒಂದು ಮಾತಿನ ಸುತ್ತ ಹೊಸದಾಗಿ ಜೋಡಣೆಗೊಂಡವೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು.

ಜೀಪು ನಮ್ಮ ಸೀಮೆಗೆ ಸಂಸಾರದ ವಾಹನವಾಗಿ ಬಂದುದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯಕ್ಕಾಗಿ ನಿರ್ಮಿತವಾದ ವಿಲ್ಲಿಸ್ ಜೀಪನ್ನು, 1945ರಲ್ಲಿ ಸ್ಥಾಪನೆಯಾಗಿ ಅನಂತರ ಮಹೀಂದ್ರ ಎಂಬ ಹೆಸರಿನಿಂದ ಪ್ರಸಿದ್ಧವಾದ ಸಂಸ್ಥೆಯು 1947ರಿಂದ ಮುಂಬಯಿಯಲ್ಲಿ ಜೋಡಿಸಲಾರಂಭಿಸಿತು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆಯು ಪ್ರಾರಂಭವಾದ ತರುವಾಯ ಬ್ಲಾಕ್ ಆಫೀಸಿನ ಜೀಪು ಹಳ್ಳಿಹಳ್ಳಿಗೆ ಪರಿಚಿತವಾಯಿತು. ಊರ ಮುಂದೆ ಧೂಳೆದ್ದು ಜೀಪು ಬಂತೆಂದರೆ ಸರಕಾರವೇ ಬಂತೆಂದು ಭಾವಿಸುತ್ತಿದ್ದ ಕಾಲವೊಂದಿತ್ತು. ಆ ಜೀಪಿನ ಹಿಂಭಾಗದಲ್ಲಿ ಎದುರುಬದುರಾದ ಎರಡು ಬೆಂಚುಗಳು, ತಲೆಯ ಮೇಲೆ ಕ್ಯಾನ್ವಾಸು, ಹಿಡಿದುಕೊಳ್ಳಲು ಒಂದು ಕಬ್ಬಿಣದ ಸರಳು, ಇಷ್ಟೇ ಇದ್ದವು. ಚಾಲಕನಿಗಾಗಿ ಮತ್ತು ಹೇರಿಗಾಗಿ ಹುಟ್ಟಿದ ಆ ವಾಹನದಲ್ಲಿ ಮಗುವಿಗೆಂದು ಯಾರೂ ಸ್ಥಳವನ್ನು ಕಲ್ಪಿಸಿರಲಿಲ್ಲ. ಅದರ ವಂಶದಲ್ಲಿ ಹುಟ್ಟಿದ ಇಂದಿನ ವಾಹನಗಳಲ್ಲಿಯೂ ಈ ಮೂಲಗುಣವು ಸ್ವಲ್ಪಮಟ್ಟಿಗೆ ಉಳಿದುಕೊಂಡು ಬಂದಿದೆಯೆಂಬುದನ್ನು ಕೊಳ್ಳುವವರು ನೆನಪಿನಲ್ಲಿಡತಕ್ಕದ್ದು.

ವಾಹನವನ್ನು ನೋಡುವುದಕ್ಕೆ ಮುಂಚೆ ನೆಲವನ್ನು ನೋಡಬೇಕು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕೂ ಈಗ ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳು; ಆದರೆ 1997ರ ಆಗಸ್ಟ್ 15ರಂದು ಈ ಜಿಲ್ಲೆಯು ರೂಪುಗೊಂಡಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು, ನ್ಯಾಮತಿಯು ಆಮೇಲೆ ಹೊನ್ನಾಳಿಯಿಂದ ಬೇರೆಯಾಯಿತು. ಜಿಲ್ಲೆಯ ಹೆಸರು ಒಂದಾದ ಮಾತ್ರಕ್ಕೆ ಮಣ್ಣಿನ ಗುಣ ಒಂದಾಗುವುದಿಲ್ಲ. ಚನ್ನಗಿರಿಯ ತೋಟದ ದಾರಿಯಲ್ಲಿ ಅಡಕೆಯ ನೆರಳು ದಟ್ಟವಾಗಿ ಕವಿದಿರುವುದರಿಂದ ಮಳೆ ನಿಂತು ಮೂರು ದಿನವಾದರೂ ನೆಲ ಆರುವುದಿಲ್ಲ. ಕೆಂಪುಮಣ್ಣಿನ ಮೇಲೆ ಬಿದ್ದ ಹಾಳೆ, ಸೋಗೆಗಳು ಕೊಳೆತು ಜಾರುಬಂಡೆಯಂತಾಗಿರುತ್ತವೆ. ಕೊಯ್ಲಿನ ಕಾಲವೂ ಮಳೆಗಾಲದ ಕೊನೆಯೂ ಒಂದನ್ನೊಂದು ತಬ್ಬಿಕೊಂಡೇ ಬರುವುದರಿಂದ ಫಸಲನ್ನು ಗುತ್ತಿಗೆ ಹಿಡಿದ ಖೇಣಿದಾರರ ವಾಹನಗಳು ಓಡಾಡಿ ದಾರಿಯ ಎರಡು ಪಕ್ಕಗಳಲ್ಲಿ ಮೊಣಕಾಲುದ್ದದ ಜಾಡುಗಳನ್ನು ಕೊರೆದಿರುತ್ತವೆ. ಆದರೂ ಈ ಕೆಸರಿಗೆ ಅಡಿಯಲ್ಲಿ ಗಟ್ಟಿಯಾದ ನೆಲವೊಂದುಂಟು. ಚಕ್ರವು ಅದನ್ನು ಮುಟ್ಟಿದರೆ ವಾಹನ ಮುಂದಕ್ಕೆ ಸಾಗುತ್ತದೆ. ಹೊನ್ನಾಳಿಯ ಕಡೆ ಜನರು ಚಾನಲ್ ಎಂದೇ ಕರೆಯುವ ಭದ್ರಾ ನಾಲೆಯ ಏರಿಯ ಮೇಲಿನ ದಾರಿಯಲ್ಲಿ ಕೆಸರಿಗಿಂತ ಇಕ್ಕಟ್ಟೇ ಹೆಚ್ಚಿನ ಕಷ್ಟ: ಒಂದು ಪಕ್ಕ ನೀರು, ಮತ್ತೊಂದು ಪಕ್ಕ ಗದ್ದೆ, ಎದುರಿಗೆ ಟ್ರ್ಯಾಕ್ಟರು ಬಂದರೆ ಹಿಂದಕ್ಕೆ ಸರಿಯದೆ ಗತ್ಯಂತರವಿಲ್ಲ. ನ್ಯಾಮತಿಯ ಬೆಳಗುತ್ತಿಯ ಸಮೀಪದ ತೀರ್ಥರಾಮೇಶ್ವರದ ಬೆಟ್ಟದ ಕಡೆಗೆ ಹೋದರೆ ಏರು, ಇಳಿಜಾರು, ಗರಸುಕಲ್ಲು.

ಜಗಳೂರಿನ ಎರೆಭೂಮಿಯ ಮಾತೇ ಬೇರೆ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ವರ್ಷದ ಬಹುಪಾಲು ದಿನ ಸಾಧಾರಣವಾದ ಕಾರು ಕೂಡ ಹೊಲದ ಬದುವಿನವರೆಗೆ ನಿರಾಯಾಸವಾಗಿ ಹೋಗಬಲ್ಲುದು. ಆದರೆ ಒಂದು ಹದವಾದ ಮಳೆ ಬಿದ್ದ ಮರುದಿನ ಆ ಕಪ್ಪುಮಣ್ಣಿನ ದಾರಿಯಲ್ಲಿ ಹತ್ತು ಮಾರು ನಡೆದು ನೋಡಿದವರಿಗೆ ಗೊತ್ತು, ಒಂದೊಂದು ಹೆಜ್ಜೆಗೂ ಪಾದದಡಿಯಲ್ಲಿ ಒಂದೊಂದು ಪದರ ಮಣ್ಣು ಅಂಟಿಕೊಂಡು ಕಾಲು ಎತ್ತಲಾರದಷ್ಟು ಭಾರವಾಗುತ್ತದೆ. ನೀರನ್ನು ಕುಡಿದು ಉಬ್ಬುವ ಜೇಡಿಯ ಕಣಗಳೇ ಇದಕ್ಕೆ ಕಾರಣ. ಟಯರಿಗೂ ಇದೇ ಗತಿ: ಮೊದಲು ಅದರ ಗೀರುಗಳೊಳಗೆ ಮಣ್ಣು ತುಂಬಿ ಟಯರು ನುಣ್ಣಗಿನ ಉರುಳೆಯಾಗುತ್ತದೆ, ಬಳಿಕ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವಿನ ಸಂದಿಯೆಲ್ಲ ಮಣ್ಣಿನಿಂದ ಬಿಗಿದುಹೋಗಿ ಚಕ್ರ ತಿರುಗುವುದೇ ಕಷ್ಟವಾಗುತ್ತದೆ. ನಾಲ್ಕು ಚಕ್ರಕ್ಕೂ ಶಕ್ತಿ ಹರಿದರೇನು, ನಾಲ್ಕು ಚಕ್ರಗಳೂ ಜಾರುತ್ತವೆ. ಆ ಊರುಗಳ ಹಿರಿಯರು ಒಂದು ದಿನ ಬಿಸಿಲು ಕಾಯುವವರೆಗೆ ಬಂಡಿ ಹೂಡುತ್ತಿರಲಿಲ್ಲ. ಲಕ್ಷಾಂತರ ರೂಪಾಯಿಯ ವಾಹನವಿದ್ದವರೂ ಈ ವಿಷಯದಲ್ಲಿ ಅವರ ದಾರಿಯನ್ನೇ ಹಿಡಿಯುವುದು ಲೇಸು.

ಇನ್ನು ಯಂತ್ರದ ಗುಟ್ಟು. ವಾಹನವು ತಿರುವಿನಲ್ಲಿ ತಿರುಗುವಾಗ ಹೊರಗಿನ ಚಕ್ರವು ಒಳಗಿನ ಚಕ್ರಕ್ಕಿಂತ ಹೆಚ್ಚು ದೂರ ಉರುಳಬೇಕಾಗುವುದರಿಂದ, ಎರಡಕ್ಕೂ ಬೇರೆ ಬೇರೆ ವೇಗವನ್ನು ಅನುಮತಿಸುವ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಗೂಡೊಂದು ಅಚ್ಚಿನ ನಡುವೆ ಕುಂಬಳಕಾಯಿಯಂತೆ ಉಬ್ಬಿಕೊಂಡಿರುತ್ತದೆ. ಒಣನೆಲದಲ್ಲಿ ಮಹೋಪಕಾರಿಯಾದ ಈ ಸಾಧನವೇ ಕೆಸರಿನಲ್ಲಿ ಶತ್ರುವಾಗುತ್ತದೆ. ಏಕೆಂದರೆ ಜಾರುತ್ತಿರುವ ಚಕ್ರವು ವ್ಯರ್ಥವಾಗಿ ಗಿರ್ರನೆ ಸುತ್ತತೊಡಗಿದರೆ, ಗಟ್ಟಿನೆಲದ ಮೇಲೆ ನಿಂತಿರುವ ಅದರ ಜೊತೆಯ ಚಕ್ರಕ್ಕೆ ಸಾಕಷ್ಟು ಬಲವು ದೊರಕುವುದಿಲ್ಲ. ಮುಂದಿನ ಅಚ್ಚಿಗೂ ಶಕ್ತಿಯನ್ನು ಕೊಟ್ಟರೆ ಈ ಕಷ್ಟ ಅರ್ಧ ಪರಿಹಾರವಾಗುತ್ತದೆ. ಡಿಫರೆನ್ಷಿಯಲನ್ನು ಬಿಗಿಯುವ ಲಾಕ್ ಇದ್ದರೆ, ಇಲ್ಲವೆ ಜಾರುವ ಚಕ್ರವನ್ನು ಬ್ರೇಕಿನಿಂದ ತಾನಾಗಿಯೇ ಹಿಡಿಯುವ ವ್ಯವಸ್ಥೆಯಿದ್ದರೆ, ಉಳಿದರ್ಧದಲ್ಲಿ ಬಹುಪಾಲು ತೀರುತ್ತದೆ. ಇವೆಲ್ಲಕ್ಕಿಂತ ನಾನು ಹೆಚ್ಚು ಬೆಲೆ ಕೊಡುವುದು ಲೋ ರೇಂಜ್ ಎಂಬ ಇನ್ನೊಂದು ಸಾಲು ಗೇರಿಗೆ. ಅದನ್ನು ಹಾಕಿದಾಗ ವಾಹನವು ಮನುಷ್ಯನ ನಡಿಗೆಗಿಂತಲೂ ನಿಧಾನವಾಗಿ, ಎಂಜಿನನ್ನು ಅರಚಿಸದೆ ಹತ್ತುತ್ತದೆ; ಇಳಿಯುವಾಗ ಬ್ರೇಕನ್ನು ಹೆಚ್ಚಾಗಿ ತುಳಿಯದೆಯೇ ಎಂಜಿನೇ ಹಿಡಿದುಕೊಂಡು ಇಳಿಸುತ್ತದೆ. ನಿದ್ದೆಹೋದ ಮಗುವಿನ ತಲೆಯು ಅತ್ತಿತ್ತ ಬಡಿಯದಂತೆ ಕೊರಕಲನ್ನು ದಾಟಿಸುವುದಕ್ಕೆ ಇದಕ್ಕಿಂತ ಉತ್ತಮವಾದ ಉಪಾಯವಿಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಥಾರ್, ಜಿಮ್ನಿ, ಗೂರ್ಖಾ ಮುಂತಾದ ನಮ್ಮ ವಾಹನಗಳಲ್ಲಿ ಫೋರ್ ವೀಲ್ ಹಾಕಿದಾಗ ಮುಂದಿನ ಹಿಂದಿನ ಅಚ್ಚುಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಆ ಸ್ಥಿತಿಯಲ್ಲಿ ಒಣಗಿದ ಡಾಂಬರು ರಸ್ತೆಯ ತಿರುವುಗಳಲ್ಲಿ ಓಡಿಸಿದರೆ ಹಲ್ಲುಚಕ್ರಗಳು ಒಂದರೊಡನೊಂದು ಸೆಣಸಿ ಹಾಳಾಗುತ್ತವೆ. ಕೆಸರಿನ ದಾರಿ ಮುಗಿದು ಡಾಂಬರು ಸಿಕ್ಕಿದೊಡನೆ ಲಿವರನ್ನು ಹಿಂದಿನ ಸ್ಥಾನಕ್ಕೆ ತರಬೇಕು. ಮತ್ತೊಂದು ಎಚ್ಚರಿಕೆ ನೀರಿನದು. ಥಾರ್ 650 ಮಿಲಿಮೀಟರ್, ಗೂರ್ಖಾ 700 ಮಿಲಿಮೀಟರ್ ಆಳದ ನೀರಿನಲ್ಲಿ ಹೋಗಬಲ್ಲುದೆಂದು ತಯಾರಕರು ಹೇಳುತ್ತಾರೆ. ಅದು ನಿಂತ ನೀರಿನ ಲೆಕ್ಕ. ಹರಿಯುವ ನೀರು ಎರಡಡಿ ಏರಿದರೆ ಭಾರವಾದ ವಾಹನವನ್ನೂ ಎತ್ತಿ ಪಕ್ಕಕ್ಕೆ ತಳ್ಳಬಲ್ಲುದು. ತುಂಗಭದ್ರೆ ಉಕ್ಕಿದ ದಿನ, ಹಳ್ಳಗಳು ಸೇತುವೆಯ ಮೇಲೆ ಹರಿಯುವ ದಿನ, ಮಕ್ಕಳನ್ನು ಕೂರಿಸಿಕೊಂಡು ಯಾವ ವಾಹನದಲ್ಲಿಯೂ ದಾಟತಕ್ಕದ್ದಲ್ಲ.

ಇಷ್ಟನ್ನು ವಿವರಿಸಿ, ಅಕ್ಕನ ಮಗನ ಕೈಗೆ ಗೋಡೆಯ ಕ್ಯಾಲೆಂಡರನ್ನು ಕೊಟ್ಟು, ಕಳೆದ ಒಂದು ವರ್ಷದಲ್ಲಿ ತನ್ನ ಹಳೆಯ ಕಾರು ನಿಜವಾಗಿಯೂ ಹೋಗದೆ ನಿಂತ ದಿನಗಳನ್ನು ಎಣಿಸೆಂದೆನು. ತಿಂಗಳುಗಳನ್ನು ಮಗುಚುತ್ತ, ಬೆರಳು ಮಡಿಚುತ್ತ ಅವನು ಇಪ್ಪತ್ತೈದಕ್ಕೆ ನಿಂತನು. ಉಳಿದ 340 ದಿನ ವಾಹನದ ಕೆಲಸವೇನು? ಮಗಳನ್ನು ಶಾಲೆಗೆ ಬಿಡುವುದು, ಮಗುವಿಗೆ ಚುಚ್ಚುಮದ್ದು ಹಾಕಿಸುವುದು, ಶಿವಮೊಗ್ಗಕ್ಕೋ ದಾವಣಗೆರೆಗೋ ತಾಯಿಯನ್ನು ವೈದ್ಯರಲ್ಲಿಗೆ ಕರೆದೊಯ್ಯುವುದು. ಆದುದರಿಂದ ಕೊಳ್ಳುವವರು ತಮಗೆ ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಕೆಸರು ನಿಮ್ಮ ಮನೆಗೂ ಹೊಲಕ್ಕೂ ನಡುವೆ ಇದೆಯೋ, ಮನೆಗೂ ಊರಿಗೂ ನಡುವೆ ಇದೆಯೋ? ಮೊದಲನೆಯದಾದರೆ, ಎಂದರೆ ಮನೆ ಊರೊಳಗಿದ್ದು ಹೊಲ ಮಾತ್ರ ದೂರವಿದ್ದರೆ, ಆ ಇಪ್ಪತ್ತೈದು ದಿನ ಟ್ರ್ಯಾಕ್ಟರು ಸಾಕು. ಫೋರ್ ವೀಲಿಗೆ ಸುರಿಯುವ ಹೆಚ್ಚಿನ ಹಣವನ್ನು ಮಕ್ಕಳ ರಕ್ಷಣೆ ಚೆನ್ನಾಗಿರುವ, ನೆಲದಿಂದ ಎತ್ತರವಾಗಿರುವ ಸಾಧಾರಣ ಕಾರಿಗೆ ಹಾಕುವುದೇ ವಿವೇಕ. ಜಗಳೂರಿನ ಸೊಕ್ಕೆಯಲ್ಲಾಗಲಿ ಹೊನ್ನಾಳಿಯ ಪೇಟೆಯಲ್ಲಾಗಲಿ ಇರುವ ಬಹುಪಾಲು ಕುಟುಂಬಗಳಿಗೆ ನಾನು ಹೇಳುವುದು ಇದನ್ನೇ. ಆದರೆ ತೋಟದ ಮನೆಯಲ್ಲಿ ವಾಸಿಸುವವರಿಗೆ ಕೆಸರನ್ನು ದಾಟದೆ ಆಸ್ಪತ್ರೆಯೂ ಇಲ್ಲ, ಶಾಲೆಯೂ ಇಲ್ಲ. ನನ್ನ ಅಕ್ಕನ ಮಗನು ಎರಡನೆಯ ವರ್ಗದವನು.

ಅಂತಹವರೂ ವಾಹನವನ್ನು ಹಿಂದಿನ ಆಸನದಿಂದಲೇ ನೋಡಲು ತೊಡಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಮಗುವನ್ನು ತಾಯಿಯ ತೊಡೆಯಷ್ಟು ಭದ್ರವಾಗಿ ಯಾವುದೂ ಕಾಪಾಡಲಾರದೆಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ; ವಾತ್ಸಲ್ಯದ ದೃಷ್ಟಿಯಿಂದ ಅದು ಸತ್ಯ, ಗತಿಶಾಸ್ತ್ರದ ದೃಷ್ಟಿಯಿಂದ ಸುಳ್ಳು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ವಾಹನವು ಡಿಕ್ಕಿ ಹೊಡೆದು ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಂತಿತೆಂದು ಭಾವಿಸೋಣ. ಆ ಕ್ಷಣದಲ್ಲಿ 10 ಕಿಲೋ ತೂಕದ ಮಗು ಸುಮಾರು 140 ಕಿಲೋ ಭಾರದಷ್ಟು ಬಲದಿಂದ ಮುಂದಕ್ಕೆ ಸೆಳೆಯಲ್ಪಡುತ್ತದೆ. ಒಂದೂಕಾಲು ಕ್ವಿಂಟಲಿಗೂ ಮೀರಿದ ಹೇರನ್ನು ಯಾವ ತಾಯಿಯ ತೋಳು ಹಿಡಿದು ನಿಲ್ಲಿಸಬಲ್ಲುದು? ಇದಕ್ಕಾಗಿಯೇ ಮಕ್ಕಳ ಪ್ರತ್ಯೇಕ ಆಸನಗಳಿರುವುದು. ಹಸುಳೆಯ ಆಸನವು ವಾಹನದ ಹಿಂಭಾಗಕ್ಕೆ ಮುಖ ಮಾಡಿರಬೇಕು. ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಅದನ್ನು ಎಂದಿಗೂ ಇಡಕೂಡದು. ಅದನ್ನು ಬಿಗಿಯಲು ಹಿಂದಿನ ಸೀಟಿನ ಒರಗು ಮತ್ತು ಕೂರುವ ಮೆತ್ತೆ ಸೇರುವ ಸಂದಿನಲ್ಲಿ ಐಸೋಫಿಕ್ಸ್ ಎಂಬ ಎರಡು ಉಕ್ಕಿನ ಕೊಂಡಿಗಳಿರುತ್ತವೆ; ಬೆರಳು ತೂರಿಸಿ ಮುಟ್ಟಿ ನೋಡಿಯೇ ನಂಬಿರಿ. 2019ರ ತಿದ್ದುಪಡಿಯ ತರುವಾಯ ಮೋಟಾರು ವಾಹನ ಕಾಯಿದೆಯ 194ಬಿ ಕಲಮಿನ ಪ್ರಕಾರ, 14 ವರ್ಷ ತುಂಬದ ಮಗುವನ್ನು ಬೆಲ್ಟಿನಿಂದಾಗಲಿ ಮಕ್ಕಳ ಆಸನದಿಂದಾಗಲಿ ಭದ್ರಪಡಿಸದೆ ಕರೆದೊಯ್ಯುವ ಚಾಲಕನಿಗೆ 1,000 ರೂಪಾಯಿ ದಂಡವೂ ಉಂಟು. ಹಳೆಯ ಜೀಪಿನ ನೆನಪಾಗಿ ಕೆಲವು ವಾಹನಗಳ ಹಿಂಬದಿಯಲ್ಲಿ ಇಂದಿಗೂ ಉಳಿದಿರುವ ಎದುರುಬದುರು ಮಡಿಚುವ ಸೀಟುಗಳಲ್ಲಿ ಮಕ್ಕಳನ್ನು ಕೂರಿಸಬೇಡಿರಿ. ಅಡ್ಡಲಾಗಿ ಕುಳಿತ ದೇಹವನ್ನು ಡಿಕ್ಕಿಯಲ್ಲಿ ಸರಿಯಾಗಿ ಹಿಡಿಯುವ ಏರ್ಪಾಡು ಅಲ್ಲಿಲ್ಲ.

ಈ ಒರೆಗಲ್ಲಿಗೆ ಹಚ್ಚಿದಾಗ ಮಾರುಕಟ್ಟೆಯ ವಾಹನಗಳು ಹೇಗೆ ತೋರುತ್ತವೆ? 2020ರ ಅಕ್ಟೋಬರ್ 2ರಂದು ಬಿಡುಗಡೆಯಾದ ಮೂರು ಬಾಗಿಲಿನ ಥಾರ್ ಕೆಸರಿನಲ್ಲಿ ನಿಜವಾದ ಧೀರ. ಡಿಕ್ಕಿ ಹೊಡೆಸಿ ರಕ್ಷಣೆಯನ್ನು ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ದೊಡ್ಡವರಿಗೂ ಮಕ್ಕಳಿಗೂ ನಾಲ್ಕು ನಾಲ್ಕು ನಕ್ಷತ್ರಗಳನ್ನು ಪಡೆದಿದೆ. ಆದರೆ ಹಿಂದಿನ ಸೀಟಿಗೆ ಬಾಗಿಲಿಲ್ಲ. ಮುಂದಿನ ಸೀಟನ್ನು ಮಡಿಸಿ, ಒಂದು ಕಾಲನ್ನು ಒಳಗಿಟ್ಟು, ಸೊಂಟ ಬಗ್ಗಿಸಿ, ಮಳೆ ಬೆನ್ನಿನ ಮೇಲೆ ಸುರಿಯುತ್ತಿರುವಾಗ ಅಳುವ ಮಗುವನ್ನು ಆಸನದಲ್ಲಿ ಕೂರಿಸಿ ಐದು ಪಟ್ಟಿಗಳನ್ನು ಬಿಗಿಯುವ ತಾಯಿಯ ಪಾಡನ್ನು ಶೋರೂಮಿನ ದೀಪದ ಬೆಳಕಿನಲ್ಲಿ ಯಾರೂ ಊಹಿಸುವುದಿಲ್ಲ. 2023ರಲ್ಲಿ ಬಂದ ಐದು ಬಾಗಿಲಿನ ಜಿಮ್ನಿ ಸುಮಾರು 1,200 ಕಿಲೋ ತೂಗುವ ಹಗುರವಾದ ವಾಹನ. ಲೋ ರೇಂಜ್ ಉಂಟು, ಆರು ಏರ್‌ಬ್ಯಾಗುಗಳುಂಟು, ಚಾನಲ್ ಏರಿಯಂತಹ ಇಕ್ಕಟ್ಟಿನ ದಾರಿಗೆ ಹೇಳಿ ಮಾಡಿಸಿದಂತಿದೆ. ಕೂರುವವರು ಮಾತ್ರ ನಾಲ್ವರೇ; ಸಾಮಾನಿನ ಸ್ಥಳ 208 ಲೀಟರು. ಗಂಡ, ಹೆಂಡತಿ, ಒಂದೋ ಎರಡೋ ಮಕ್ಕಳಿರುವ ಮನೆಗೆ ಇದು ತಕ್ಕುದು, ಅಜ್ಜಿಯೂ ಜೊತೆಗಿದ್ದರೆ ಸಾಲದು. ಮುಂದಿನ ಹಿಂದಿನ ಎರಡು ಅಚ್ಚುಗಳಿಗೂ ಲಾಕ್ ಇರುವ ಗೂರ್ಖಾ ಈ ಗುಂಪಿನಲ್ಲಿ ಅತ್ಯಂತ ಸಮರ್ಥವಾದುದು. ಕಾಡು ಬೆಟ್ಟಗಳಲ್ಲಿ ದುಡಿಯುವವರಿಗೆ ಅದು ತಕ್ಕುದು, ನಿತ್ಯ ಶಾಲೆಗೆ ಓಡುವ ಸಂಸಾರಕ್ಕೆ ಒರಟಾಯಿತು.

2000ದಲ್ಲಿ ಬಂದ ಬೊಲೆರೊ ನಮ್ಮ ಸೀಮೆಯ ಆಪ್ತಮಿತ್ರ. ಅದರ ರಿಪೇರಿ ಪ್ರತಿಯೊಂದು ಹೋಬಳಿಯಲ್ಲಿಯೂ ಆಗುತ್ತದೆ, ಆದರೆ ಈಗ ಅದರ ಶಕ್ತಿ ಹಿಂದಿನ ಚಕ್ರಗಳಿಗೆ ಮಾತ್ರ. ಅದರ ಹೆಸರನ್ನೇ ಹೊತ್ತ ಬೊಲೆರೊ ನಿಯೊ 2024ರ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೂ ಮಕ್ಕಳ ರಕ್ಷಣೆಗೂ ಒಂದೊಂದೇ ನಕ್ಷತ್ರವನ್ನು ಪಡೆಯಿತೆಂಬುದನ್ನು ಮಕ್ಕಳಿರುವವರು ಮರೆಯಬಾರದು. ಸ್ಕಾರ್ಪಿಯೊ ಎನ್ ದೊಡ್ಡ ಸಂಸಾರಕ್ಕೆ ಒಗ್ಗುತ್ತದೆ, ಡೀಸೆಲ್ ಬಗೆಯಲ್ಲಿ ಫೋರ್ ವೀಲೂ ದೊರೆಯುತ್ತದೆ. 2022ರ ಪರೀಕ್ಷೆಯಲ್ಲಿ ದೊಡ್ಡವರಿಗೆ ಐದು ನಕ್ಷತ್ರ ಬಂದರೆ ಮಕ್ಕಳಿಗೆ ಮೂರೇ ಬಂದವು. ನಕ್ಷತ್ರಗಳ ಒಟ್ಟು ಹೆಸರನ್ನು ಕೇಳಿ ತೃಪ್ತರಾಗದೆ ಮಕ್ಕಳ ಸಾಲನ್ನು ಬೇರೆಯಾಗಿ ಓದಬೇಕೆಂದು ನಾನು ಪದೇ ಪದೇ ಹೇಳುವುದು ಇದಕ್ಕಾಗಿಯೇ. 2024ರ ಆಗಸ್ಟ್ 15ರಂದು ಬಂದ ಐದು ಬಾಗಿಲಿನ ಥಾರ್ ರಾಕ್ಸ್, 2023ರ ಅಕ್ಟೋಬರಿನಿಂದ ನಮ್ಮ ದೇಶದಲ್ಲಿಯೇ ನಡೆಯುತ್ತಿರುವ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಎರಡು ಸಾಲಿನಲ್ಲಿಯೂ ಐದು ನಕ್ಷತ್ರಗಳನ್ನು ಗಳಿಸಿತು. ಮಕ್ಕಳ ರಕ್ಷಣೆಯಲ್ಲಿ 49ಕ್ಕೆ 45 ಅಂಕ. ಅದರ ಫೋರ್ ವೀಲ್ ಡೀಸೆಲಿನಲ್ಲಿ ಮಾತ್ರ ಉಂಟು, ಬೆಲೆಯೂ ಹೆಚ್ಚು. ಡೀಸೆಲ್ ಕೊಳ್ಳುವವರು ಇನ್ನೊಂದನ್ನು ತಿಳಿದಿರಬೇಕು: 2020ರ ಏಪ್ರಿಲಿನಿಂದ ಜಾರಿಗೆ ಬಂದ ಬಿ.ಎಸ್. 6 ನಿಯಮದ ಡೀಸೆಲ್ ವಾಹನಗಳಲ್ಲಿ ಹೊಗೆಯ ಮಸಿಯನ್ನು ಹಿಡಿಯುವ ಶೋಧಕವೊಂದಿರುತ್ತದೆ. ದಿನವೂ ತೋಟದಿಂದ ಊರಿಗೆ ಎರಡು ಮೈಲಿ ಮಾತ್ರ ಓಡಿಸಿದರೆ ಅದು ಕಾಯದೆ ಕಟ್ಟಿಕೊಳ್ಳುತ್ತದೆ. ಆಗಾಗ ಹೆದ್ದಾರಿಯಲ್ಲಿ ಅರ್ಧ ಗಂಟೆಯಾದರೂ ಒಂದೇ ಸಮನೆ ಓಡಿಸುತ್ತಿರಬೇಕು.

ಇದೆಲ್ಲವನ್ನು ತೂಗಿ ನೋಡಿ, ಥಾರ್ ರಾಕ್ಸನ್ನು ನೋಡಲೆಂದು ಅಕ್ಕನ ಮಗನ ಸಂಸಾರವೆಲ್ಲ ಒಂದು ದಿನ ಶೋರೂಮಿಗೆ ಹೊರಟಿತು. ಮಕ್ಕಳ ಎರಡು ಆಸನಗಳನ್ನು ಒಯ್ಯಬೇಕೆಂದೂ ಮೊಣಕಾಲು ನೋವಿನ ನನ್ನ ಅಕ್ಕನನ್ನು ಕರೆದೊಯ್ಯಬೇಕೆಂದೂ ಹಟ ಹಿಡಿದವನು ನಾನು. ರಾಕ್ಸ್‌ನ ಹಿಂದಿನ ಸೀಟಿನ ಎರಡು ಅಂಚುಗಳಲ್ಲಿ ಎರಡು ಆಸನಗಳು ಕೊಂಡಿಗೆ ಬಿಗಿದುಕೊಂಡವು. ನಡುವೆ ಅವನ ಹೆಂಡತಿ ಕುಳಿತು ಎರಡು ಕಡೆಯೂ ಕೈ ಚಾಚಿ ನೋಡಿದಳು. ಬಿಗಿಯಾಯಿತು, ಆದರೂ ಇಬ್ಬರು ಮಕ್ಕಳೂ ಅವಳ ಕೈಗೆ ಸಿಕ್ಕುವಂತಿದ್ದರು. ಅಕ್ಕ ಮುಂದಿನ ಸೀಟಿಗೆ ಕಂಬಿ ಹಿಡಿದು ಹತ್ತಲು ಎರಡು ಸಲ ಯತ್ನಿಸಿ, ಫುಟ್‌ಸ್ಟೆಪ್ ಒಂದನ್ನು ಹಾಕಿಸದಿದ್ದರೆ ತಾನು ಬರುವುದಿಲ್ಲವೆಂದಳು. ಹಾಕಿಸಲಾಯಿತು. ಮುಂದುಗಡೆ ಕಬ್ಬಿಣದ ದಪ್ಪ ಗಾರ್ಡನ್ನು ಕಟ್ಟಿಸಬೇಕೆಂಬ ಅವನ ಆಸೆಯನ್ನು ಮಾತ್ರ ನಾನು ಬಿಡಿಸಿದೆನು. ಅದು ಡಿಕ್ಕಿಯ ಆಘಾತವನ್ನು ಬೇರೆ ಕಡೆಗೆ ಹರಿಸಿ ಏರ್‌ಬ್ಯಾಗ್ ಸಕಾಲದಲ್ಲಿ ಬಿಚ್ಚಿಕೊಳ್ಳದಂತೆ ಮಾಡಬಹುದಾದುದರಿಂದ 2017ರಲ್ಲಿಯೇ ಕೇಂದ್ರ ಸಾರಿಗೆ ಸಚಿವಾಲಯವು ಅದರ ವಿರುದ್ಧ ಕ್ರಮಕ್ಕೆ ಸೂಚಿಸಿದೆ.

ವಾಹನ ಮನೆಗೆ ಬಂದ ದಿನ, ಪೂಜೆಯೆಲ್ಲ ಮುಗಿದ ಮೇಲೆ, ಅಡಕೆ ಒಣಗಿಸುವ ಅಂಗಳದಲ್ಲಿ ನಾನು ಚಾಲಕನ ಸೀಟಿನಲ್ಲಿ ಕುಳಿತು, ಅಕ್ಕನ ನಾಲ್ಕು ವರ್ಷದ ಮೊಮ್ಮಗಳನ್ನು ಬಂಪರಿಗೆ ತಾಗಿ ನಿಲ್ಲಿಸಿದೆನು. ಅವಳು ನನಗೆ ಕಾಣಿಸಲೇ ಇಲ್ಲ. "ಹಿಂದಕ್ಕೆ ನಡಿ, ಪುಟ್ಟೀ" ಎಂದರೆ ಅವಳು ಒಂದು, ಎರಡು ಎಂದು ಎಣಿಸುತ್ತ ನಡೆದಳು. ಆರನೆಯ ಪುಟ್ಟ ಹೆಜ್ಜೆಯಲ್ಲಿ ಬೋನೆಟ್ಟಿನ ಅಂಚಿನಾಚೆ ಅವಳ ತಲೆಯ ಹೂವು ಕಂಡಿತು. ಅವಳ ತಂದೆ ಅದನ್ನು ನೋಡುತ್ತ ನಿಂತಿದ್ದನು, ಮಾತನಾಡಲಿಲ್ಲ. ಎತ್ತರವಾದ ವಾಹನದ ಎತ್ತರವೇ ಅಂಗಳದ ಮಕ್ಕಳಿಗೆ ಅಪಾಯವಾಗುತ್ತದೆ. ಹಿಂಬದಿಗೆ ಕ್ಯಾಮೆರಾ ಉಂಟು, ಅದರ ಕಣ್ಣಿಗೆ ಕೆಸರು ಮೆತ್ತಿದ ದಿನ ಅದೂ ಕುರುಡು. ತೋಟದ ಮನೆಗಳ ತಂದೆತಾಯಂದಿರಲ್ಲಿ ನನ್ನದೊಂದು ವಿನಂತಿ: ಕೀಲಿ ತಿರುಗಿಸುವ ಮುನ್ನ ವಾಹನವನ್ನು ಕಾಲ್ನಡಿಗೆಯಲ್ಲಿ ಒಂದು ಸುತ್ತು ಬನ್ನಿ, ಮಕ್ಕಳೆಲ್ಲರೂ ಜಗಲಿಯ ಮೇಲೆ ಇರುವುದನ್ನು ಕಣ್ಣಾರೆ ಕಂಡ ಮೇಲೆಯೇ ಹತ್ತಿ ಕುಳಿತುಕೊಳ್ಳಿ.